ಕೊಳಲುಗಾರನ ಎರಡು ಬಣ್ಣದ ನಿಲುವಂಗಿ

ಕಿಂದರಿಜೋಗಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡ ವಿದ್ಯಾರ್ಥಿಗಳು ವಿರಳ. ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯಲ್ಲಿ ಬಾಲ್ಯವನ್ನು ಕಳೆದ ಕುವೆಂಪು ಅವರು ಮಕ್ಕಳಿಗಾಗಿ ರಚಿಸಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ, ಇಲಿಗಳ ಕಾಟದಿಂದ ಕಂಗೆಟ್ಟ ಹಳ್ಳಿಯು ತುಂಗಾನದಿಯ ದಡದಲ್ಲಿದೆ. ಆದರೆ ಈ ಕಥೆಯ ಹುಟ್ಟೂರು ತುಂಗೆಯ ದಡವಲ್ಲ. ಜರ್ಮನಿಯಲ್ಲಿ ವೇಸರ್ ನದಿಯ ಮೇಲಿರುವ ಹ್ಯಾಮೆಲಿನ್ ಎಂಬ ಪಟ್ಟಣ. ಅಲ್ಲಿಯ ಐತಿಹ್ಯವನ್ನು ಗ್ರಿಮ್ ಸೋದರರು ೧೮೧೬ರಲ್ಲಿ ತಮ್ಮ ಸಂಗ್ರಹದಲ್ಲಿ ಸೇರಿಸಿದರು. ೧೮೪೨ರಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಅದನ್ನು ಪದ್ಯವಾಗಿಸಿ ಪ್ರಕಟಿಸಿದನು. ಆ ಪದ್ಯವು ಕನ್ನಡಕ್ಕೆ ಬಂದಾಗ ವೇಸರ್ ನದಿ ತುಂಗೆಯಾಯಿತು, ಪಟ್ಟಣದ ಮೇಯರನು ಗೌಡನಾದನು, ಕೊಳಲು ಕಿಂದರಿಯಾಯಿತು. ಕಥೆಗೆ ಇದರಿಂದ ಯಾವ ಆಯಾಸವೂ ಆಗಲಿಲ್ಲ. ಮಾತು ಬರಿಗೈಯಲ್ಲಿ ಪ್ರಯಾಣ ಮಾಡಬಲ್ಲುದು.

ಚಿತ್ರಕ್ಕೆ ಈ ಸೌಕರ್ಯವಿಲ್ಲ. ಯೂರೋಪಿನ ಕಲಾವಿದನೊಬ್ಬನು ಅದೇ ಕಥೆಗೆ ಬರೆದ ಜಲವರ್ಣದ ಚಿತ್ರವು ಒಂದು ಮಗುವಿನ ಕೈಯಲ್ಲಿರುವ ಪುಟಕ್ಕೆ ಬರಬೇಕಾದರೆ ಮಸೂರ, ಜಾಲರಿ, ಲೋಹದ ಅಚ್ಚು, ಶಾಯಿ, ಕಾಗದ ಇಷ್ಟನ್ನೂ ದಾಟಿ ಬರಬೇಕು. ಇವುಗಳಲ್ಲಿ ಒಂದೊಂದೂ ತನ್ನ ಸುಂಕವನ್ನು ಕಿತ್ತುಕೊಳ್ಳದೆ ಬಿಡುವುದಿಲ್ಲ. ಈ ಸುಂಕದ ಲೆಕ್ಕವೇ ಪ್ರಸ್ತುತ ಲೇಖನದ ವಿಷಯ. ಬಹಳಷ್ಟು ಚಿತ್ರಗಳನ್ನು ಎತ್ತಿಕೊಳ್ಳದೆ, ಹ್ಯಾಮೆಲಿನ್ನಿನ ಕೊಳಲುಗಾರನ ಒಂದು ನಿಲುವಂಗಿಯನ್ನೇ ಹಿಡಿದು ನೋಡೋಣ.

ಈ ಕಥೆಗೂ ಚಿತ್ರಕ್ಕೂ ನಂಟು ಹಳೆಯದು. ಹ್ಯಾಮೆಲಿನ್ನಿನ ಚರ್ಚಿನಲ್ಲಿ ಸುಮಾರು ೧೩೦೦ರ ಕಾಲದ ಬಣ್ಣದ ಗಾಜಿನ ಕಿಟಕಿಯೊಂದರಲ್ಲಿ ಕೊಳಲುಗಾರನನ್ನೂ ಮಕ್ಕಳನ್ನೂ ಚಿತ್ರಿಸಿದ್ದರಂತೆ. ಆ ಕಿಟಕಿ ೧೬೬೦ರಲ್ಲಿ ನಾಶವಾಯಿತು. ಆದರೆ ಅದಕ್ಕೂ ಮುಂಚೆ, ೧೫೯೨ರಲ್ಲಿ, ಆಗಸ್ಟಿನ್ ಫಾನ್ ಮೋರ್ಸ್‌ಪೆರ್ಗ್ ಎಂಬ ಪ್ರವಾಸಿಯು ತನ್ನ ಪುಸ್ತಕದಲ್ಲಿ ಜಲವರ್ಣದಲ್ಲಿ ಅದರ ಪ್ರತಿಯನ್ನು ತೆಗೆದಿಟ್ಟನು. ಕೊಳಲುಗಾರನ ಚಿತ್ರಗಳಲ್ಲಿ ಇಂದು ಉಳಿದಿರುವ ಅತಿ ಹಳೆಯದು ಅದೇ. ಒಂದು ಚಿತ್ರ ಅಳಿದರೂ ಅದರ ನಕಲು ಕಥೆಯನ್ನು ಉಳಿಸಿತೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಈ ಮಾತು ಪ್ರಯೋಜನಕ್ಕೆ ಬರುತ್ತದೆ. ಇನ್ನೊಂದು ಸ್ವಾರಸ್ಯ: ಬ್ರೌನಿಂಗ್ ತನ್ನ ಪದ್ಯವನ್ನು ಬರೆದುಕೊಟ್ಟದ್ದು ಕಾಯಿಲೆ ಬಿದ್ದಿದ್ದ ಒಬ್ಬ ಹುಡುಗನಿಗಾಗಿ. ನಟ ಮೆಕ್ರೆಡಿಯ ಮಗನಾದ ಆ ಬಾಲಕನಿಗೆ ಚಿತ್ರ ಬರೆಯುವ ಹುಚ್ಚು. ಹಾಸಿಗೆಯಲ್ಲಿ ಕುಳಿತು ಬರೆಯಲು ಅವನಿಗೊಂದು ವಸ್ತು ಬೇಕಾಗಿದ್ದಿತು. ಎಂದರೆ, ಚಿತ್ರಕ್ಕಾಗಿಯೇ ಹುಟ್ಟಿದ ಪದ್ಯವಿದು.

ಆ ಪದ್ಯದಲ್ಲಿ ಕೊಳಲುಗಾರನು ತೊಟ್ಟ ಉದ್ದನೆಯ ಅಂಗಿಯ ಅರ್ಧ ಹಳದಿ, ಅರ್ಧ ಕೆಂಪು. ಚಿತ್ರಕಾರನಿಗೆ ಇದೊಂದು ಸಮಸ್ಯೆಯೇ ಅಲ್ಲ. ಕುಂಚವನ್ನು ಹಳದಿಯಲ್ಲಿ ಅದ್ದಿ ಒಂದು ಪಕ್ಕವನ್ನು ತುಂಬಿ, ತೊಳೆದು, ಕೆಂಪಿನಲ್ಲಿ ಅದ್ದಿ ಇನ್ನೊಂದು ಪಕ್ಕವನ್ನು ತುಂಬುತ್ತಾನೆ. ನೆರಳು ಬೇಕಾದರೆ ನೀರನ್ನು ಕಡಿಮೆ ಮಾಡುತ್ತಾನೆ, ಬೆಳಕು ಬೇಕಾದರೆ ಹೆಚ್ಚು ಮಾಡುತ್ತಾನೆ. ಅಚ್ಚಿನ ಯಂತ್ರಕ್ಕೆ ಈ ನಯ ತಿಳಿಯದು. ಅದರ ಮುಂದೆ ಇರುವುದು ಎರಡೇ ಸ್ಥಿತಿ: ಕಾಗದದ ಒಂದು ಬಿಂದುವಿನ ಮೇಲೆ ಶಾಯಿ ಬೀಳಬೇಕು, ಇಲ್ಲವೆ ಬೀಳಬಾರದು. ‘ಸ್ವಲ್ಪ ಶಾಯಿ’ ಎಂಬ ಮಾತು ಅದರ ನಿಘಂಟಿನಲ್ಲಿ ಇಲ್ಲ. ತಿಳಿಯಾದ ಕೆಂಪನ್ನು, ನೆರಳಿನ ಹಳದಿಯನ್ನು ಇಂತಹ ಹಟಮಾರಿಯಿಂದ ಪಡೆಯುವುದು ಹೇಗೆ?

೧೮೮೮ರಲ್ಲಿ ಕೇಟ್ ಗ್ರೀನವೇ ಎಂಬ ಚಿತ್ರಕರ್ತ್ರಿಯು ಬ್ರೌನಿಂಗನ ಪದ್ಯಕ್ಕೆ ಬರೆದ ಚಿತ್ರಗಳು ಪುಸ್ತಕವಾಗಿ ಹೊರಬಂದವು. ಅವನ್ನು ಅಚ್ಚಿಗೆ ಇಳಿಸಿದವನು ಎಡ್ಮಂಡ್ ಎವನ್ಸ್. ಅವನ ವಿಧಾನ ಮರದ ಕೆತ್ತನೆಯದು. ಮೊದಲು ರೇಖೆಗಳಿಗಾಗಿ ಒಂದು ಮರದ ಅಚ್ಚು. ಅನಂತರ ಒಂದೊಂದು ಬಣ್ಣಕ್ಕೂ ಪ್ರತ್ಯೇಕವಾಗಿ ಒಂದೊಂದು ಅಚ್ಚು. ಹಳದಿಯ ಅಚ್ಚಿನಲ್ಲಿ ಅಂಗಿಯ ಹಳದಿ ಭಾಗ ಮಾತ್ರ ಉಬ್ಬಿ ನಿಂತಿರುತ್ತದೆ, ಕೆಂಪಿನ ಅಚ್ಚಿನಲ್ಲಿ ಕೆಂಪು ಭಾಗ ಮಾತ್ರ. ತಿಳಿಬಣ್ಣ ಬೇಕಾದೆಡೆ ಉಬ್ಬಿದ ಭಾಗವನ್ನು ಸಣ್ಣ ಸಣ್ಣ ಗೆರೆಗಳಾಗಿ ಸೀಳಿ, ನಡುನಡುವೆ ಬಿಳಿಯ ಕಾಗದ ಇಣುಕುವಂತೆ ಮಾಡುವುದು ಕೆತ್ತುವವನ ಕೈಚಳಕ. ೧೮೬೨ರಲ್ಲಿ ಫ್ರಾನ್ಸಿನ ಗುಸ್ತಾವ್ ದೋರೆ, ಪೆರೋ ಸಂಗ್ರಹಿಸಿದ ‘ಕೆಂಪು ಟೋಪಿಯ ಹುಡುಗಿ’ ಮೊದಲಾದ ಕಥೆಗಳಿಗೆ ಬರೆದ ಕಪ್ಪು ಬಿಳುಪು ಚಿತ್ರಗಳಲ್ಲಿಯೂ ಕಾಡಿನ ಕತ್ತಲೆಯು ಇಂತಹ ಗೆರೆಗಳ ಒತ್ತಡದಿಂದಲೇ ಹುಟ್ಟಿದ್ದು. ಎವನ್ಸನ ಮುದ್ರಣ ಸೊಗಸಾಗಿದ್ದಿತು, ಆದರೆ ಪುಸ್ತಕದ ಚಿತ್ರವು ಚಿತ್ರಕಾರನ ಕುಂಚದ್ದಲ್ಲ. ಕುಂಚವನ್ನು ಕಂಡು ಮತ್ತೊಬ್ಬನ ಉಳಿ ಮಾಡಿದ ಅನುವಾದ.

ಅನುವಾದಕನನ್ನು ಕೈಬಿಟ್ಟು ಬೆಳಕಿನಿಂದಲೇ ಈ ಕೆಲಸವನ್ನು ಮಾಡಿಸುವ ದಾರಿಯನ್ನು ತೋರಿಸಿದುದು ಭೌತವಿಜ್ಞಾನ. ೧೮೬೧ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಪ್ರಯೋಗವನ್ನು ತೋರಿಸಿದನು. ಬಣ್ಣದ ರಿಬ್ಬನ್ನೊಂದನ್ನು ಕೆಂಪು, ಹಸುರು, ನೀಲಿ ಸೋಸುಕಗಳ ಮೂಲಕ ಮೂರು ಸಲ ಫೋಟೊ ತೆಗೆಯಿಸಿ, ಆ ಮೂರು ಕಪ್ಪು ಬಿಳುಪು ಚಿತ್ರಗಳನ್ನು ಅದೇ ಮೂರು ಬಣ್ಣದ ಬೆಳಕಿನಲ್ಲಿ ಒಂದೇ ತೆರೆಯ ಮೇಲೆ ಒಟ್ಟಿಗೆ ಬೀಳಿಸಿದಾಗ ರಿಬ್ಬನ್ನು ತನ್ನ ಬಣ್ಣಗಳೊಡನೆ ಕಾಣಿಸಿಕೊಂಡಿತು. ಇಲ್ಲಿ ಒಂದು ತಮಾಷೆಯುಂಟು. ಅಂದಿನ ಫೋಟೊ ಫಲಕಗಳು ಕೆಂಪು ಬೆಳಕನ್ನು ಗ್ರಹಿಸಲು ಅಸಮರ್ಥವಾಗಿದ್ದವು. ಹಾಗಿದ್ದರೆ ಕೆಂಪಿನ ಚಿತ್ರ ಮೂಡಿದ್ದು ಹೇಗೆ? ಸರಿಯಾಗಿ ನೂರು ವರ್ಷಗಳ ಮೇಲೆ, ೧೯೬೧ರಲ್ಲಿ, ಈ ಒಗಟು ಬಿಡಿಸಲ್ಪಟ್ಟಿತು. ರಿಬ್ಬನ್ನಿನ ಕೆಂಪು ಭಾಗವು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳನ್ನೂ ಪ್ರತಿಫಲಿಸುತ್ತಿದ್ದಿತು. ಕೆಂಪು ಸೋಸುಕವು ಅವನ್ನೂ ಹಾಯಗೊಡುತ್ತಿದ್ದಿತು. ಅದೃಷ್ಟವೂ ಒಮ್ಮೊಮ್ಮೆ ವಿಜ್ಞಾನಿಯ ಸಹಾಯಕನಾಗಿ ದುಡಿಯುತ್ತದೆ.

ಮ್ಯಾಕ್ಸ್‌ವೆಲ್ ಮಾಡಿದ್ದು ಬೆಳಕಿಗೆ ಬೆಳಕನ್ನು ಕೂಡಿಸುವ ಕೆಲಸ. ಅಚ್ಚಿನ ಮನೆಯಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ವ್ಯವಕಲನ. ಬಿಳಿಯ ಕಾಗದ ಎಲ್ಲ ಬಣ್ಣದ ಬೆಳಕನ್ನೂ ಹಿಂದಿರುಗಿಸುತ್ತದೆ. ಅದರ ಮೇಲೆ ಹಚ್ಚಿದ ಪಾರದರ್ಶಕವಾದ ಶಾಯಿಯು ಒಂದು ಪಾಲನ್ನು ನುಂಗುತ್ತದೆ. ಹಳದಿ ಶಾಯಿ ನೀಲಿ ಬೆಳಕನ್ನು ನುಂಗುತ್ತದೆ. ಮಜೆಂಟಾ ಎಂಬ ಕೆನ್ನೇರಿಳೆ ಶಾಯಿ ಹಸುರನ್ನು ನುಂಗುತ್ತದೆ. ಸಯಾನ್ ಎಂಬ ಹಸುರುನೀಲಿ ಶಾಯಿ ಕೆಂಪನ್ನು ನುಂಗುತ್ತದೆ. ಈಗ ಅಂಗಿಗೆ ಬನ್ನಿ. ಹಳದಿಯ ಭಾಗಕ್ಕೆ ಹಳದಿ ಶಾಯಿಯೊಂದೇ ಸಾಕು. ಕೆಂಪಿನ ಭಾಗಕ್ಕೆ? ಕೆಂಪು ಶಾಯಿ ಎಂಬುದು ಈ ಪದ್ಧತಿಯಲ್ಲಿ ಇಲ್ಲವೇ ಇಲ್ಲ. ಹಳದಿಯ ಮೇಲೆ ಮಜೆಂಟಾ ಬಿದ್ದರೆ ನೀಲಿಯೂ ಹಸುರೂ ಎರಡೂ ನುಂಗಲ್ಪಟ್ಟು ಕೆಂಪು ಮಾತ್ರ ಕಣ್ಣಿಗೆ ಬರುತ್ತದೆ. ಆದುದರಿಂದ ಹಳದಿಯ ಅಚ್ಚು ಇಡೀ ಅಂಗಿಯನ್ನು ಆವರಿಸಬೇಕು; ಮಜೆಂಟಾದ ಅಚ್ಚು ಅರ್ಧವನ್ನು ಮಾತ್ರ.

ಇನ್ನುಳಿದದ್ದು ‘ಸ್ವಲ್ಪ ಶಾಯಿ’ಯ ಪ್ರಶ್ನೆ. ೧೮೮೦ರ ದಶಕದಲ್ಲಿ ಜರ್ಮನಿಯ ಮೈಸನ್‌ಬಾಕ್, ಅಮೆರಿಕದ ಐವ್ಸ್ ಮೊದಲಾದವರ ಯತ್ನದಿಂದ ಬಳಕೆಗೆ ಬಂದ ಹಾಫ್‌ಟೋನ್ ವಿಧಾನವು ಅದಕ್ಕೆ ಉತ್ತರವನ್ನು ಕೊಟ್ಟಿತು. ಕ್ಯಾಮೆರಾದೊಳಗೆ ಫಲಕದ ಮುಂದೆ ಅತಿ ನವಿರಾದ ಗೆರೆಗಳ ಗಾಜಿನ ಜಾಲರಿಯನ್ನಿಟ್ಟು ಚಿತ್ರದ ಫೋಟೊ ತೆಗೆದರೆ, ಇಡೀ ಚಿತ್ರವು ಚುಕ್ಕೆಗಳಾಗಿ ಒಡೆಯುತ್ತದೆ. ಕಪ್ಪಾದ ಎಡೆಯಲ್ಲಿ ದೊಡ್ಡ ಚುಕ್ಕೆ, ತಿಳಿಯಾದ ಎಡೆಯಲ್ಲಿ ಸಣ್ಣ ಚುಕ್ಕೆ. ಶಾಯಿ ಎಲ್ಲ ಕಡೆಯೂ ಒಂದೇ ಗಾಢ. ಮೋಸ ಹೋಗುವುದು ನಮ್ಮ ಕಣ್ಣು. ೨೫ ಸೆಂಟಿಮೀಟರ್ ದೂರದಲ್ಲಿ ಹಿಡಿದ ಪುಟದಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಸಾಮಾನ್ಯ ದೃಷ್ಟಿಯು ಬೇರ್ಪಡಿಸಲಾರದು. ಉತ್ತಮ ಪುಸ್ತಕದ ಜಾಲರಿಯಲ್ಲಿ ಅಂಗುಲಕ್ಕೆ ೧೫೦ ಗೆರೆಗಳು, ಎಂದರೆ ಚುಕ್ಕೆಗಳ ನಡುವಣ ಅಂತರ ೦.೧೭ ಮಿಲಿಮೀಟರ್. ಇದು ಆ ಮಿತಿಯ ಸಮೀಪದಲ್ಲಿಯೇ ಇರುವುದರಿಂದ ಚುಕ್ಕೆಗಳು ಕಲೆತು ನಯವಾದ ಬಣ್ಣವಾಗಿ ತೋರುತ್ತವೆ. ಒರಟು ಕಾಗದದ ದಿನಪತ್ರಿಕೆಯಲ್ಲಿ ೬೫ ಗೆರೆಗಳು, ಅಂತರ ೦.೩೯ ಮಿಲಿಮೀಟರ್. ಕೊಂಚ ಗಮನಿಸಿದರೆ ಬರಿಗಣ್ಣಿಗೇ ಚುಕ್ಕೆ ಕಾಣುತ್ತದೆ.

ಕಾಲೇಜಿನ ವಿದ್ಯಾರ್ಥಿಗಳು ಇದನ್ನು ನಂಬುವ ಅಗತ್ಯವಿಲ್ಲ, ಅಳೆಯಬಹುದು. ಲೋಮನಾಳದ ವ್ಯಾಸವನ್ನು ಅಳೆಯಲು ಪ್ರಯೋಗಶಾಲೆಯಲ್ಲಿರುವ ಟ್ರಾವೆಲಿಂಗ್ ಮೈಕ್ರೊಸ್ಕೋಪಿನ ಕೆಳಗೆ ಹಳೆಯ ಬಣ್ಣದ ಪುಟವೊಂದನ್ನಿಟ್ಟು, ಇಪ್ಪತ್ತು ಚುಕ್ಕೆಗಳ ಸಾಲನ್ನು ದಾಟಿಸಿ, ಬಂದ ದೂರವನ್ನು ಇಪ್ಪತ್ತರಿಂದ ಭಾಗಿಸಿದರಾಯಿತು. ನನ್ನ ತರಗತಿಯ ವಿದ್ಯಾರ್ಥಿಗಳಿಗೆ ಪಾದರಸದ ಲೋಮನಾಳಕ್ಕಿಂತ ಈ ಪ್ರಯೋಗ ಹೆಚ್ಚು ಪ್ರಿಯವೆಂಬುದನ್ನು ಕಂಡಿದ್ದೇನೆ. ಒಂದೊಂದು ಬಣ್ಣದ ಚುಕ್ಕೆಯ ಸಾಲೂ ಬೇರೆ ಬೇರೆ ಕೋನದಲ್ಲಿ ಓರೆಯಾಗಿರುವುದನ್ನೂ ಅವರು ಆಗ ಕಾಣುತ್ತಾರೆ. ಎಲ್ಲ ಸಾಲುಗಳೂ ಹೆಚ್ಚು ಕಡಿಮೆ ಒಂದೇ ದಿಕ್ಕಿನಲ್ಲಿದ್ದರೆ, ಒಂದರ ಮೇಲೊಂದು ಬಿದ್ದ ಎರಡು ಸೊಳ್ಳೆಪರದೆಗಳಲ್ಲಿ ತೋರುವಂತಹ ಅಲೆಯಲೆಯಾದ ಪಟ್ಟೆಗಳು ಚಿತ್ರವನ್ನು ಕೆಡಿಸಿಬಿಡುತ್ತವೆ.

ಈ ತ್ರಿವರ್ಣ ಮುದ್ರಣದ ಬಲದಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಕಥಾಚಿತ್ರಗಳಿಗೆ ಒಂದು ಸುಗ್ಗಿಯೇ ಬಂದಿತು. ೧೯೦೯ರಲ್ಲಿ ಗ್ರಿಮ್ ಕಥೆಗಳಿಗೆ ಆರ್ಥರ್ ರ‍್ಯಾಕಮ್, ೧೯೧೧ರಲ್ಲಿ ಆಂಡರ್ಸನ್ನನ ಕಥೆಗಳಿಗೆ ಎಡ್ಮಂಡ್ ಡುಲಾಕ್, ೧೯೧೪ರಲ್ಲಿ ನಾರ್ವೆಯ ಕಥೆಗಳಿಗೆ ಕೈ ನೀಲ್ಸನ್ ಬರೆದ ವರ್ಣಚಿತ್ರಗಳು ಪುಸ್ತಕಗಳಾದವು. ರ‍್ಯಾಕಮ್ ೧೯೩೪ರಲ್ಲಿ ಹ್ಯಾಮೆಲಿನ್ನಿನ ಕೊಳಲುಗಾರನನ್ನೂ ಚಿತ್ರಿಸಿದನು. ಅವನ ಜಾಣತನ ನನಗೆ ಬಹಳ ಮೆಚ್ಚುಗೆಯಾದುದು. ಮೊದಲು ಕಪ್ಪು ಶಾಯಿಯ ಲೇಖನಿಯಿಂದ ಮರದ ಬೇರು, ಮುದುಕಿಯ ಬೆರಳು, ಇಲಿಯ ಬಾಲ ಎಲ್ಲವನ್ನೂ ರೇಖೆಯಲ್ಲಿ ಹಿಡಿದು, ಅದರ ಮೇಲೆ ಕಂದು, ಬೂದು, ಮಾಸಲು ಹಸುರಿನ ತೆಳುವಾದ ಲೇಪಗಳನ್ನು ಹರಿಸುತ್ತಿದ್ದನು. ಅಚ್ಚಿನಲ್ಲಿ ಬಣ್ಣಗಳು ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಚಿತ್ರದ ಬೆನ್ನೆಲುಬಾದ ರೇಖೆ ಅದನ್ನು ಕಾಪಾಡುತ್ತಿದ್ದಿತು.

ಆ ಪುಸ್ತಕಗಳನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು: ಚಿತ್ರಗಳನ್ನು ಬೇರೆ ಕಾಗದದಲ್ಲಿ ಮುದ್ರಿಸಿ, ಆಮೇಲೆ ಪುಟಕ್ಕೆ ಅಂಟಿಸಿದ್ದಾರೆ. ಇದು ಬರಿಯ ಆಡಂಬರವಲ್ಲ. ಪದ್ಯವನ್ನು ಅಚ್ಚುಹಾಕುವ ಕಾಗದದ ಮೈ ನಾರಿನ ಕಾಡು. ಅದರ ಮೇಲೆ ನವಿರಾದ ಚುಕ್ಕೆ ನಿಲ್ಲುವುದಿಲ್ಲ. ಚಿತ್ರದ ಕಾಗದಕ್ಕೆ ನಯವಾದ ಬಿಳಿಯ ಜೇಡಿಯನ್ನು ಅಂಟಿನೊಡನೆ ಬಳಿದು, ಉರುಳೆಗಳ ನಡುವೆ ತೀಡಿ, ಗಾಜಿನಂತೆ ಮಾಡಿರುತ್ತಾರೆ. ಇದೇ ಆರ್ಟ್ ಪೇಪರು.

ಹೀಗೆ ಚಿತ್ರದ ಪ್ರಶ್ನೆಯು ಕೊನೆಗೆ ಕಾಗದದ ಪ್ರಶ್ನೆಯಾಯಿತು. ಕಾಗದದ ಮಾತು ಬಂದರೆ ನಾವು ದೂರ ಹೋಗಬೇಕಾಗಿಲ್ಲ. ಕಿಂದರಿಜೋಗಿಯ ತುಂಗೆಯು ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ. ಆ ಭದ್ರೆಯ ದಡದಲ್ಲಿ, ಭದ್ರಾವತಿಯಲ್ಲಿ, ೧೯೩೬ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಮಲೆನಾಡಿನ ಬಿದಿರು ಅದರ ಆಹಾರ. ಬಿದಿರಿನ ಚೂರುಗಳನ್ನು ಕ್ಷಾರದ ದ್ರವದಲ್ಲಿ, ಒತ್ತಡದಲ್ಲಿ ಬೇಯಿಸಿದರೆ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ವಸ್ತು ಕರಗಿಹೋಗಿ ಸೆಲ್ಯುಲೋಸ್ ನಾರು ಉಳಿಯುತ್ತದೆ. ೧೯೭೭ರಲ್ಲಿ ಈ ಕಾರ್ಖಾನೆ ಸರ್ಕಾರಿ ಕಂಪೆನಿಯಾಯಿತು. ೧೯೮೦ರ ದಶಕದಲ್ಲಿ ಇಲ್ಲಿ ಪತ್ರಿಕಾ ಕಾಗದವೂ ತಯಾರಾಗತೊಡಗಿತು. ಪತ್ರಿಕಾ ಕಾಗದ ಅಗ್ಗವಾಗಬೇಕಾದುದರಿಂದ ಅದರಲ್ಲಿ ಮರವನ್ನು ಅರೆದು ಮಾಡಿದ ತಿರುಳು ಸೇರಿರುತ್ತದೆ, ಅದರಲ್ಲಿ ಲಿಗ್ನಿನ್ನೂ ಉಳಿದಿರುತ್ತದೆ.

ಇಂತಹ ಕಾಗದದ ಮೇಲೆ ಶಾಯಿಯ ಚುಕ್ಕೆಗೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕೋಣ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನಾರುಗಳ ಸಂದಿನಲ್ಲಿ ಶಾಯಿ ಹರಡುತ್ತದೆ. ಎಲ್ಲ ಕಡೆಗೂ ೦.೦೨ ಮಿಲಿಮೀಟರಿನಷ್ಟು ಹರಡಿತೆಂದು ಇಟ್ಟುಕೊಳ್ಳಿ. ೦.೧೦ ಮಿಲಿಮೀಟರ್ ವ್ಯಾಸದ ನವಿರು ಚುಕ್ಕೆಯು ೦.೧೪ ಆಗುತ್ತದೆ, ವಿಸ್ತೀರ್ಣ ಸುಮಾರು ಎರಡರಷ್ಟು! ತಿಳಿಯಾಗಿರಬೇಕಾದ ಕೊಳಲುಗಾರನ ಮುಖ ಮಸಿಯಾಗುತ್ತದೆ. ಅದೇ ೦.೨೦ ಮಿಲಿಮೀಟರಿನ ಒರಟು ಚುಕ್ಕೆಯಾದರೆ ವಿಸ್ತೀರ್ಣ ಹೆಚ್ಚುವುದು ಒಂದೂವರೆಯಷ್ಟಕ್ಕೆ ಮಾತ್ರ. ಒರಟು ಕಾಗದಕ್ಕೆ ಒರಟು ಜಾಲರಿಯನ್ನೇ ಬಳಸುವುದು ಇದಕ್ಕಾಗಿ.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ತೊಡಕೂ ಉಂಟು, ಅದು ಮಳೆ. ಕಾಗದದ ನಾರು ಗಾಳಿಯ ತೇವವನ್ನು ಹೀರಿ ಅಡ್ಡಲಾಗಿ ಉಬ್ಬುತ್ತದೆ. ಯಂತ್ರದಲ್ಲಿ ಕಾಗದ ಓಡುವಾಗ ನಾರುಗಳು ಬಹುಮಟ್ಟಿಗೆ ಓಟದ ದಿಕ್ಕಿನಲ್ಲಿಯೇ ಮಲಗುವುದರಿಂದ, ಹಾಳೆ ಹಿಗ್ಗುವುದು ಮುಖ್ಯವಾಗಿ ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ. ಒಣ ದಿನಕ್ಕೂ ಆಷಾಢದ ದಿನಕ್ಕೂ ನಡುವೆ ಈ ಹಿಗ್ಗು ನೂರಕ್ಕೆ ಅರ್ಧದಷ್ಟಾದರೂ ೬೦ ಸೆಂಟಿಮೀಟರ್ ಅಗಲದ ಹಾಳೆ ೩ ಮಿಲಿಮೀಟರ್ ಹಿಗ್ಗಿರುತ್ತದೆ. ಬಣ್ಣಗಳನ್ನು ಒಂದು ದಿನಕ್ಕೆ ಒಂದರಂತೆ ಒತ್ತುತ್ತಿದ್ದ ಕಾಲವನ್ನು ನೆನೆಯಿರಿ. ಸೋಮವಾರ ಬಿಸಿಲಿನಲ್ಲಿ ಹಳದಿ, ಮಂಗಳವಾರ ಜಡಿಮಳೆಯಲ್ಲಿ ಮಜೆಂಟಾ! ಅಂಗಿಯ ಕೆಂಪು ತನ್ನ ಹೊಲಿಗೆಯನ್ನು ದಾಟಿ ಹಳದಿಯ ಪಕ್ಕಕ್ಕೆ ನುಗ್ಗುತ್ತದೆ, ಅಂಚಿನಲ್ಲಿ ಮಜೆಂಟಾ ಒಂಟಿಯಾಗಿ ಇಣುಕುತ್ತದೆ, ತುಟಿಯ ಬಣ್ಣ ಕೆನ್ನೆಗೆ ಹೋಗುತ್ತದೆ. ಹಳೆಯ ಮಕ್ಕಳ ಪುಸ್ತಕಗಳಲ್ಲಿ ಇಂತಹ ಮುಖಗಳನ್ನು ಕಂಡು ನಕ್ಕವರು ಅದರ ಹಿಂದಿನ ಮೋಡವನ್ನು ಕಂಡಿರಲಿಕ್ಕಿಲ್ಲ.

ಆದಕಾರಣ ಅನೇಕ ಕನ್ನಡ ಮಕ್ಕಳ ಪುಸ್ತಕಗಳಲ್ಲಿ ಕಪ್ಪು ರೇಖೆಯ ಚಿತ್ರಗಳೇ ತುಂಬಿದ್ದುದನ್ನು ಬಡತನವೆಂದು ಮಾತ್ರ ತಿಳಿಯಬಾರದೆಂದು ನನ್ನ ಅಭಿಪ್ರಾಯ. ಸತುವಿನ ತಗಡಿನಲ್ಲಿ ಕೊರೆದ ರೇಖಾಚಿತ್ರದ ಬ್ಲಾಕಿಗೆ ಚುಕ್ಕೆಯ ಹಂಗಿಲ್ಲ, ಬಣ್ಣಗಳ ಹೊಂದಿಕೆಯ ಹಂಗಿಲ್ಲ. ಎಂತಹ ಕಾಗದದ ಮೇಲೆಯೂ ಅದು ನಿಲ್ಲುತ್ತದೆ. ಆ ಕಾಗದಕ್ಕೆ ಅದೇ ಸರಿಯಾದ ಉತ್ತರವಾಗಿದ್ದಿತು. ಬಣ್ಣದ ಆಸೆಯನ್ನು ತೀರಿಸಿದುದು ೧೯೪೭ರಲ್ಲಿ ಮದರಾಸಿನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿ, ಬಳಿಕ ಕನ್ನಡಕ್ಕೂ ಬಂದ ‘ಚಂದಮಾಮ’. ಅದರ ಮುಖಪುಟಗಳಿಗೆ ಚಿತ್ರ ಬರೆದವರಲ್ಲಿ ಎಂ. ಟಿ. ವಿ. ಆಚಾರ್ಯರು ಕನ್ನಡಿಗರು.

ಈ ಪುಟಗಳ ಇಂದಿನ ಸ್ಥಿತಿಯೇನು? ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ೨೦೧೫ರಲ್ಲಿ ಉತ್ಪಾದನೆ ನಿಂತಿತು. ಕಾಗದದಿಂದಲೇ ‘ಪೇಪರ್ ಟೌನ್’ ಎಂದು ಹೆಸರಾದ ಬಡಾವಣೆಯ ಸಂಸಾರಗಳಿಗೆ ಅದೆಂತಹ ಪೆಟ್ಟೆಂಬುದನ್ನು ಭೌತವಿಜ್ಞಾನ ಅಳೆಯಲಾರದು. ಹಳೆಯ ಕಾಗದವಾದರೋ ಮನೆಗಳ ಅಟ್ಟದ ಮೇಲೆ ತನ್ನಷ್ಟಕ್ಕೆ ಸಾಯುತ್ತಿದೆ. ಲಿಗ್ನಿನ್ ಬೆಳಕನ್ನೂ ಆಮ್ಲಜನಕವನ್ನೂ ಸೇರಿಸಿಕೊಂಡು ಹಳದಿಯಾಗುತ್ತದೆ. ದಿನಪತ್ರಿಕೆಯ ಮೇಲೊಂದು ನಾಣ್ಯವನ್ನಿಟ್ಟು ನಾಲ್ಕು ದಿನ ಬಿಸಿಲಿನಲ್ಲಿ ಬಿಟ್ಟರೆ ನಾಣ್ಯದ ಬಿಳಿಯ ನೆರಳು ಕಾಗದದಲ್ಲಿ ಉಳಿದಿರುವುದನ್ನು ಕಾಣಬಹುದು. ಶಾಯಿ ಹರಡದಿರಲೆಂದು ರಾಳದೊಡನೆ ಬೆರೆಸುತ್ತಿದ್ದ ಪಟಿಕವು ತೇವದಲ್ಲಿ ಆಮ್ಲವನ್ನು ಹುಟ್ಟಿಸಿ ಸೆಲ್ಯುಲೋಸಿನ ಸರಪಣಿಗಳನ್ನು ಕಡಿಯುತ್ತದೆ. ಮಡಿಸಿದ ಮೂಲೆ ಹಪ್ಪಳದಂತೆ ಮುರಿಯುವುದು ಇದರಿಂದ.

ಬಣ್ಣಕ್ಕೆ ಬೇರೊಂದು ಶತ್ರು. ಕೆಂಪು ಬೆಳಕಿನ ಒಂದು ಫೋಟಾನಿನ ಶಕ್ತಿ ೧.೮ ಎಲೆಕ್ಟ್ರಾನ್ ವೋಲ್ಟ್, ನೇರಿಳೆಯದು ೩.೧, ಅತಿನೇರಿಳೆಯದು ಇನ್ನೂ ಹೆಚ್ಚು. ಸಾವಯವ ಬಣ್ಣದ ಅಣುವಿನ ಬಂಧಗಳನ್ನು ಕದಲಿಸಲು ಮೂರು ಮೂರೂವರೆ ಸಾಕು. ಮಜೆಂಟಾ ಮತ್ತು ಹಳದಿ ಶಾಯಿಗಳು ಸಾಮಾನ್ಯವಾಗಿ ಮೊದಲು ಸೋಲುತ್ತವೆ. ೧೯೩೫ರ ಸುಮಾರಿಗೆ ಬಳಕೆಗೆ ಬಂದ ಥಾಲೊಸಯನೀನ್ ಎಂಬ ನೀಲಿ ಮಾತ್ರ ಗಟ್ಟಿಗ. ಬಿಸಿಲಿಗೆ ಬಿದ್ದ ಗೋಡೆಯ ಭಿತ್ತಿಪತ್ರಗಳೆಲ್ಲ ಕೊನೆಗೆ ನೀಲಿಯಾಗಿ ಉಳಿಯುವುದನ್ನು ಶಿವಮೊಗ್ಗದ ಯಾವ ಬೀದಿಯಲ್ಲಾದರೂ ನೋಡಬಹುದು. ಕೊಳಲುಗಾರನಿಗೂ ಅದೇ ಗತಿ: ಎರಡು ಬಣ್ಣದ ಅಂಗಿ ಬಿಳಿಚಿಹೋಗಿ, ಅವನ ಹಿಂದಿನ ಆಕಾಶ ಮಾತ್ರ ನಿಲ್ಲುತ್ತದೆ.

ಬಿಸಿಲಿಗೆ ಹೆದರದ ಕೆಂಪು ನಮ್ಮಲ್ಲಿ ಇಲ್ಲವೆ? ಉಂಟು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಕೆಲಸವನ್ನು ಆರಂಭಿಸಿದಾಗ ಅದಕ್ಕೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಹೆಸರೇ ಬಣ್ಣವನ್ನು ಹೇಳುತ್ತದೆ. ಸಾಗರದ ಕಡೆಯ ದೀವರ ಮನೆಗಳಲ್ಲಿ ಹೆಂಗಸರು ಹಸೆ ಚಿತ್ತಾರಕ್ಕೆ ಗೋಡೆಯನ್ನು ಸಾರಿಸುವ ಕೆಮ್ಮಣ್ಣಿನ ಬಣ್ಣವೂ ಕಬ್ಬಿಣದ ಆಕ್ಸೈಡಿನದೇ. ಆಗಲೇ ಆಮ್ಲಜನಕದಿಂದ ತಣಿದಿರುವ ಈ ವಸ್ತುವನ್ನು ಬೆಳಕು ಮತ್ತೇನೂ ಮಾಡಲಾರದು. ಆದರೆ ತ್ರಿವರ್ಣ ಮುದ್ರಣಕ್ಕೆ ಅದು ಒದಗದು. ಅದು ಪಾರದರ್ಶಕವಲ್ಲ, ಅಲ್ಲದೆ ನೀಲಿ, ಹಸುರು ಎರಡನ್ನೂ ಒಮ್ಮೆಗೇ ನುಂಗುವುದರಿಂದ ಬೇರೆ ಶಾಯಿಗಳೊಡನೆ ಕೂಡಿ ಹೊಸ ಬಣ್ಣಗಳನ್ನು ಹಡೆಯಲಾರದು.

ಅಟ್ಟದ ಮೇಲೆ ಹಳೆಯ ಮಕ್ಕಳ ಪುಸ್ತಕಗಳಿರುವ ವಾಚಕರು ಕೂಡಲೇ ಮಾಡಬಹುದಾದ ಕೆಲಸ ಕೆಲವುಂಟು. ಅವನ್ನು ಹೆಂಚಿನ ಕಾವಿನಿಂದ ಕೆಳಗಿಳಿಸಿ, ಹೊರಗೋಡೆಗೆ ತಾಗದ ಕತ್ತಲೆಯ ಕಪಾಟಿನಲ್ಲಿ ಗಾಳಿಯಾಡುವಂತೆ ಇಡಿರಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಬೇಡಿ. ಒಳಗಿನ ತೇವ ಹೊರಹೋಗಲಾರದೆ ಬೂಷ್ಟು ಹತ್ತುತ್ತದೆ. ಹರಿದ ಪುಟಕ್ಕೆ ಅಂಗಡಿಯ ಅಂಟುಪಟ್ಟಿಯನ್ನು ಹಚ್ಚಬೇಡಿ. ವಸ್ತುಸಂಗ್ರಹಾಲಯಗಳಲ್ಲಿ ಜಲವರ್ಣದ ಚಿತ್ರಗಳಿಗೆ ೫೦ ಲಕ್ಸ್‌ಗಿಂತ ಹೆಚ್ಚು ಬೆಳಕನ್ನು ಬೀಳಿಸುವುದಿಲ್ಲ. ನಡುಹಗಲ ಬಿಸಿಲಿನಲ್ಲಿ ಅದರ ಸಾವಿರಾರು ಪಟ್ಟು ಬೆಳಕಿರುತ್ತದೆ. ಎಲ್ಲಕ್ಕಿಂತ ಮೊದಲು, ೧೫೯೨ರ ಆ ಪ್ರವಾಸಿಯಂತೆ ಒಂದು ನಕಲನ್ನು ತೆಗೆದಿಡಿ. ಮೋಡ ಕವಿದ ದಿನದ ಸಮನಾದ ಬೆಳಕಿನಲ್ಲಿ, ಪುಟಕ್ಕೆ ನೇರವಾಗಿ ಹಿಡಿದ ಮೊಬೈಲಿನ ಕ್ಯಾಮೆರಾ ಈ ಕೆಲಸಕ್ಕೆ ಸಾಕು. ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೂ ಬಿಳಿಯ ಹಾಳೆಯ ಚೂರನ್ನೂ ಇಟ್ಟಿದ್ದರೆ, ಪುಟದ ಅಳತೆಯನ್ನೂ ಬಣ್ಣವನ್ನೂ ಮುಂದೆ ಸರಿಪಡಿಸಿಕೊಳ್ಳಬಹುದು.

ಹಾಗೆ ತೆಗೆದ ಚಿತ್ರವನ್ನು ಮೊಬೈಲಿನ ತೆರೆಯ ಮೇಲೆ ತಂದು, ಅಂಗಿಯ ಹಳದಿಯ ಭಾಗದ ಮೇಲೆ ಭೂತಗನ್ನಡಿಯನ್ನು ಹಿಡಿದು ನೋಡಿ. ಕನ್ನಡಿಯಿಲ್ಲದಿದ್ದರೆ ಒಂದು ಸಣ್ಣ ನೀರಿನ ಹನಿಯೂ ಆಗಬಹುದು. ಅಲ್ಲಿ ಹಳದಿ ಇರುವುದಿಲ್ಲ. ಕೆಂಪು ಮತ್ತು ಹಸುರು ದೀಪದ ಕಣಗಳು ಒತ್ತೊತ್ತಾಗಿ ಬೆಳಗುತ್ತಿರುತ್ತವೆ, ನೀಲಿಯ ಕಣಗಳು ಬಹುಮಟ್ಟಿಗೆ ಆರಿರುತ್ತವೆ. ಇದು ಮ್ಯಾಕ್ಸ್‌ವೆಲ್ಲನ ರಿಬ್ಬನ್ನಿನ ಪದ್ಧತಿ. ಅಂಗಿಯ ಕೆಂಪಿನ ಭಾಗಕ್ಕೆ ಸರಿದರೆ ಹಸುರೂ ಮಂಕಾಗಿ ಕೆಂಪಿನ ಕಣ ಮುಂದಾಗುತ್ತದೆ. ಕಾಗದದ ಮೇಲೆ ಹಳದಿಗೆ ಒಂದು ಶಾಯಿ, ಕೆಂಪಿಗೆ ಎರಡು. ತೆರೆಯ ಮೇಲೆ ಹಳದಿಗೆ ಎರಡು ದೀಪ, ಕೆಂಪಿಗೆ ಒಂದು.